ಹಣೆಬರಹ ಎಷ್ಟು, ಕೈಬರಹ ಎಷ್ಟು?

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ಬಂದು ಮೂರು ವಾರ ಆಯ್ತು. ತಡ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಬೇರೆಯವರಿಗೆ ಗೊತ್ತಾಗ್ಲಿ ಅಂತ ವಿಷಯ ಮಾತ್ರ ಹೇಳ್ತೀನಿ: ತಂದೆ ಬಿಟ್ಟುಹೋದ ದುಡ್ಡು ನಿಮಗೂ ನಿಮ್ಮ ತಮ್ಮನಿಗೂ ಸರಿಸಮ ಬಂತು, ನೀವು ಕೂಡಿಟ್ರಿ, ಅವರು ಬಿಸಿನೆಸ್ ಅಂತ ಹೋಗಿ ಕೈ ಸುಟ್ಕೊಂಡ್ರು, ಈಗ ಸಹಾಯ ಕೇಳ್ತಿದಾರೆ. ಅಷ್ಟರಲ್ಲಿ ಹೋದ ಸಂಚಿಕೆಯಲ್ಲಿ ನಾವು ಸಮಾನತೆ ಬಗ್ಗೆ ಬರೆದಿದ್ದು ಓದಿ ನಿಮಗೆ ಸಿಟ್ಟು ಬಂದಿದೆ. "ಮಾಡಿದ್ದುಣ್ಣೋ ಮಹರಾಯ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಅವನ ತಪ್ಪಿಗೆ ನಾನ್ಯಾಕೆ, ಇಂಥವರ ತಪ್ಪಿಗೆಲ್ಲ ನಮ್ಮ ಟ್ಯಾಕ್ಸ್ ಯಾಕೆ?" ಅಂತ ಕೇಳಿದ್ದೀರಿ.

ಇದು ಸಮಾನತೆ ಬೇಡ ಅನ್ನೋರು ಮಾತ್ರ ಕೇಳೋ ಪ್ರಶ್ನೆ ಅಲ್ಲ. ಸಮಾನತೆ ಬೇಕು ಅನ್ನೋರೇ ಇದನ್ನ ತಲೆಗೆ ಹಚ್ಕೊಂಡು 40 ವರ್ಷದ ಮೇಲಾಯ್ತು. 1981ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ರೊನಾಲ್ಡ್ ಡ್ವಾರ್ಕಿನ್ ಅದೃಷ್ಟನ ಎರಡು ಥರ ಅಂತ ವಿಂಗಡಿಸಿದ್ರು. ಎಲ್ಲಿಂದಲೋ ಉಲ್ಕೆ ಬಂದು ನಿಮ್ಮ ಮೇಲೆ ಬಿತ್ತು ಅನ್ನಿ, ಅದು ಬರೀ ಹಣೆಬರಹ. ಗೊತ್ತಿದ್ದೂ ಷೇರಿಗೆ ದುಡ್ಡು ಹಾಕಿ ಮುಳುಗಿದ್ರೆ ಅದು ನೀವೇ ಆಡಿದ ಆಟದ ಸೋಲು. ಮೊದಲನೇದಕ್ಕೆ ಸಮಾಜ ಕೈ ಹಿಡೀಬೇಕು, ಎರಡನೇದು ಅವರವರ ಲೆಕ್ಕ. ಇವೆರಡರ ಮಧ್ಯೆ ಇನ್ಶೂರೆನ್ಸ್ ಬರುತ್ತೆ ಅಂದ್ರು ಅವರು, ಇಬ್ಬರಿಗೂ ಕಣ್ಣು ಹೋಯ್ತು, ಇಬ್ಬರಿಗೂ ಇನ್ಶೂರೆನ್ಸ್ ಮಾಡಿಸೋ ಅವಕಾಶ ಒಂದೇ ಥರ ಇತ್ತು, ಒಬ್ಬರು ಮಾಡಿಸಿದ್ರು ಇನ್ನೊಬ್ಬರು ಬೇಡ ಅಂದ್ರು ಅಂದ್ಮೇಲೆ ಆ ವ್ಯತ್ಯಾಸಕ್ಕೆ ಸಮಾಜ ಹೊಣೆ ಅಲ್ಲ ಅಂತ. ಸಮಾಜವಾದಿ ಚಿಂತಕ ಜಿ.ಎ. ಕೋಹೆನ್ ಕೂಡ 1989ರಲ್ಲಿ ಇದನ್ನ ಮೆಚ್ಚಿದ್ರು. ಆಯ್ಕೆ, ಜವಾಬ್ದಾರಿ ಅನ್ನೋ ಎದುರು ಪಕ್ಷದವರ ಬತ್ತಳಿಕೆಯ ಬಲವಾದ ಬಾಣನ ಡ್ವಾರ್ಕಿನ್ ಸಮಾನತೆಯ ಒಳಗೇ ತಂದ್ರು ಅಂತ ಅವರ ಮಾತಿನ ಅರ್ಥ.

ಅಲ್ಲಿಗೆ ನೀವು ಗೆದ್ದ ಹಾಗೆ ಕಾಣುತ್ತೆ. ಆದ್ರೆ ಮೂರನೇ ಪುಟದ ಕೊನೇಲಿ ಒಂದು ಸಾಲು ಬರೆದು ಅದರ ಮೇಲೆ ಗೀಟು ಎಳೆದಿದ್ದೀರಿ. ಶಾಯಿ ಕೆಳಗೆ ಅಕ್ಷರ ಕಾಣ್ತಿತ್ತು, ಕ್ಷಮಿಸಿ, ಓದಿಬಿಟ್ಟೆ. "ಆ ವರ್ಷ ಅವನ ಹೆಂಡ್ತಿಗೂ ಹುಷಾರಿರಲಿಲ್ಲ." ಬಿಸಿನೆಸ್ ಅವರೇ ಆರಿಸ್ಕೊಂಡಿದ್ದು, ಒಪ್ಪಿದೆ. ಕಾಯಿಲೆ ಆರಿಸ್ಕೊಂಡಿದ್ದಲ್ಲ. ಹಗಲು ಅಂಗಡಿ ರಾತ್ರಿ ಆಸ್ಪತ್ರೆ ಅಂತ ಓಡಾಡ್ತಾ ಒಂದು ತಪ್ಪು ನಿರ್ಧಾರ ತಗೊಂಡಿದ್ರೆ ಅದರಲ್ಲಿ ಎಷ್ಟು ಪಾಲು ಅವರದು, ಎಷ್ಟು ವಿಧಿಯದು? ಹಾಲು ನೀರು ಬೇರೆ ಮಾಡೋ ಹಂಸ ನಮ್ಮಲ್ಲಿ ಯಾರ ಹತ್ರಾನೂ ಇಲ್ಲ.

ಇನ್ನೂ ಒಂದಿದೆ. ಅಪ್ಪ ದಿನಾ ರಾತ್ರಿ ನಿಮ್ಮನ್ನ ಪಕ್ಕ ಕೂರಿಸ್ಕೊಂಡು ಲೆಕ್ಕದ ಪುಸ್ತಕ ಬರೆಸ್ತಿದ್ರು ಅಂತ ನೀವೇ ಬರೆದಿದ್ದೀರಿ, ತಮ್ಮನಿಗೆ ಬುದ್ಧಿ ಬರೋ ಹೊತ್ತಿಗೆ ಅಪ್ಪನ ಕಣ್ಣು ಮಂಜಾಗಿತ್ತು ಅಂತಾನೂ ಬರೆದಿದ್ದೀರಿ. ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ಹೇಳಿದ್ದು ಇದನ್ನೇ: ಪ್ರತಿಭೆ ಬಿಡಿ, ಪ್ರಯತ್ನ ಪಡೋ ಮನಸ್ಸು ಕೂಡ ಬೆಳೆದ ಮನೆ, ಸುತ್ತಲ ಜನ ಇವುಗಳಿಂದ ಬರುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಿ, ಸರಿ, ಆದ್ರೆ ಹಾಸಿಗೆ ಹಾಸಿದ್ದು ನಾವಲ್ವಲ್ಲ. ಅರ್ಥಶಾಸ್ತ್ರಜ್ಞ ಜಾನ್ ರೋಮರ್ ಇದಕ್ಕೊಂದು ದಾರಿ ಹುಡುಕಿದ್ರು, ಒಬ್ಬರ ಶ್ರಮನ ಅವರಂಥದೇ ಪರಿಸ್ಥಿತೀಲಿ ಬೆಳೆದವರ ಜೊತೆ ಮಾತ್ರ ಹೋಲಿಸಿ ಅಂತ. ಒಳ್ಳೇದೇ, ಆದ್ರೆ ಒಂದೇ ಮನೇಲಿ ಬೆಳೆದ ನಿಮ್ಮಿಬ್ಬರದೇ ಪರಿಸ್ಥಿತಿ ಬೇರೆ ಬೇರೆ ನೋಡಿ.

ಹಾಗಂತ ಜವಾಬ್ದಾರಿ ಅನ್ನೋದೇ ಸುಳ್ಳು ಅಂತ ನಾನು ಖಂಡಿತ ಹೇಳಲ್ಲ. ಹಾಗೆ ಹೇಳಿದ್ರೆ ನೀವು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಿದ್ದಕ್ಕೂ ಬೆಲೆ ಇಲ್ಲ ಅಂದಂಗಾಗುತ್ತೆ, ನಿಮ್ಮ ತಮ್ಮನ್ನ ಗಾಳಿಗೆ ಹಾರಿದ ತರಗೆಲೆ ಅಂದಂಗಾಗುತ್ತೆ. ಅವರಿಗೂ ಅದು ಅವಮಾನ.

ನನಗೆ ಕಾಡೋದು ಬೇರೆ. "ತಪ್ಪು ಯಾರದು" ಅನ್ನೋ ಪ್ರಶ್ನೆನ ಎಲ್ಲಿ ನಿಂತು ಕೇಳ್ತೀವಿ ಅನ್ನೋದು. 1999ರಲ್ಲಿ ತತ್ವಶಾಸ್ತ್ರಜ್ಞೆ ಎಲಿಜಬೆತ್ ಆಂಡರ್ಸನ್, ಹಣೆಬರಹ ಎಷ್ಟು ಆಯ್ಕೆ ಎಷ್ಟು ಅಂತ ಅಳೆಯೋ ಈ ಇಡೀ ವಾದಕ್ಕೆ ಎದುರು ನಿಂತ್ರು. ಇನ್ಶೂರೆನ್ಸ್ ಇಲ್ಲದ ಡ್ರೈವರ್ ಒಬ್ಬ ನಿಯಮ ಮೀರಿ ಗಾಡಿ ತಿರುಗಿಸಿ ಆಕ್ಸಿಡೆಂಟ್ ಮಾಡ್ಕೊಂಡಿದಾನೆ, ರಸ್ತೇಲಿ ರಕ್ತ ಸುರಿಸ್ಕೊಂಡು ಬಿದ್ದಿದಾನೆ, ತಪ್ಪು ಅವನದೇ ಅಂತ ಆಂಬುಲೆನ್ಸ್ ಬಿಟ್ಟು ಹೋಗ್ಬೇಕಾ? ಇನ್ನೊಂದು ಕಡೆ, ಯಾರ ತಪ್ಪು ಅಲ್ವೋ ಅವರಿಗೆ ಸಹಾಯ ಮಾಡೋವಾಗಲೂ "ಪಾಪ ನಿನ್ನಲ್ಲಿ ಏನೂ ಇಲ್ಲ, ತಗೋ" ಅನ್ನೋ ಧಾಟಿ ಬಂದುಬಿಡುತ್ತೆ ಅಂದ್ರು. ಅದಕ್ಕೂ ಮುಂಚೆ 1998ರಲ್ಲಿ ಇನ್ನೊಬ್ಬ ತತ್ವಶಾಸ್ತ್ರಜ್ಞ ಜೊನಾಥನ್ ವೂಲ್ಫ್ ಕೂಡ ಇದನ್ನೇ ಬರೆದಿದ್ರು, ಸಹಾಯ ಬೇಕು ಅಂದ್ರೆ ತನಗೆ ಸಾಮರ್ಥ್ಯ ಇಲ್ಲ ಅಂತ ತಾನೇ ಸಾಬೀತು ಮಾಡೋ ನಾಚಿಕೆ ಇದೆಯಲ್ಲ, ಅದು ಮನುಷ್ಯನ ಗೌರವಾನೇ ತಿನ್ನುತ್ತೆ ಅಂತ.

ಅದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ವಯಸ್ಸಲ್ಲಿ ಒಮ್ಮೆ ಕೆಲಸ ಹೋಗಿ ಒಂದು ಕೌಂಟರ್ ಮುಂದೆ ಕೂತು ಫಾರ್ಮ್ ತುಂಬಿದ್ದೆ. "ಕೆಲಸ ಸಿಗದಿರಲು ಕಾರಣ" ಅಂತ ಒಂದು ಕಾಲಂ, ಅದಕ್ಕೆ ಒಂದೂವರೆ ಗೆರೆ ಜಾಗ. ಹಿಂದೆ ಕ್ಯೂ ಇತ್ತು. ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತೆ, ಪ್ರಯತ್ನ ಪಡಲಿಲ್ಲ ಅಂತ ಬರೆದ್ರೆ ಸಹಾಯ ಇಲ್ಲ, ಯೋಗ್ಯತೆ ಇಲ್ಲ ಅಂತ ಬರೆದ್ರೆ ಇದೆ. ಎರಡನೇದು ಬರೆದೆ. ಮನೇಲಿ ಹೇಳಲಿಲ್ಲ.

ಅದಕ್ಕೇ ಟ್ಯಾಕ್ಸ್ ಬಗ್ಗೆ ನಿಮ್ಮ ಮಾತು ನಾನು ಒಪ್ಪಲ್ಲ. ಆಸ್ಪತ್ರೆ, ಊಟ, ಮಕ್ಕಳ ಓದು, ಇವುಗಳ ಬಾಗಿಲಲ್ಲಿ ಯಾರನ್ನೂ ನಿಲ್ಲಿಸಿ ತಪ್ಪು ಯಾರದು ಅಂತ ಕೇಳ್ಬಾರದು. ಅದರಾಚೆ ಯಾರು ಎಷ್ಟು ಗಳಿಸಿದ್ರು, ಯಾರು ಕಳ್ಕೊಂಡ್ರು ಅನ್ನೋದರಲ್ಲಿ ಅವರವರ ಆಯ್ಕೆಗೆ ಜಾಗ ಇರಲಿ. ನಿಮ್ಮ ತಮ್ಮ ಕಳ್ಕೊಂಡ ಬಿಸಿನೆಸ್ಸನ್ನ ಸಮಾಜ ವಾಪಸ್ ಕಟ್ಟಿಕೊಡ್ಬೇಕಿಲ್ಲ, ನೀವೂ ಕಟ್ಟಿಕೊಡ್ಬೇಕಿಲ್ಲ. ಆ ದುಡ್ಡು ನಿಮ್ಮದು. ಆದ್ರೆ ಅವರ ಮನೆಯವರ ಚಿಕಿತ್ಸೆಗೆ ಕೇಳ್ತಿದಾರಾ, ಇಲ್ಲ ಮತ್ತೊಂದು ಬಿಸಿನೆಸ್ಸಿಗೆ ಕೇಳ್ತಿದಾರಾ ಅನ್ನೋದು ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ. ಅದನ್ನ ಅವರ ಹತ್ರ ಕೇಳಿದ್ರಾ?

ಇಂತಿ,
ಸಂಪಾದಕ