ಬೇರೆಯವರ ಮಾತು ನಂಬಿ ತಿಳಿದುಕೊಂಡದ್ದು ಜ್ಞಾನ ಅನ್ನಿಸಿಕೊಳ್ಳುತ್ತದೆಯೇ?

ಹೌದು, ಅನ್ನಿಸಿಕೊಳ್ಳುತ್ತದೆ. ನಿಮ್ಮ ಬ್ಲಡ್ ಗ್ರೂಪ್ ಯಾವುದು ಅಂದರೆ ಥಟ್ಟನೆ ಹೇಳುತ್ತೀರಿ. ಪರೀಕ್ಷೆ ಮಾಡಿದ್ದು ನೀವಲ್ಲ, ಲ್ಯಾಬಿನವರು. ಅವರು ಕೊಟ್ಟ ಚೀಟಿಯನ್ನು ನಂಬಿದ್ದೀರಿ. ಹಾಗಂತ ‘ನನಗೆ ಗೊತ್ತಿಲ್ಲ’ ಅನ್ನುತ್ತೀರಾ?

ತಕರಾರಿರುವುದು ಆ ನಂಬಿಕೆಗೆ ಆಧಾರವೇನು ಎಂಬಲ್ಲಿ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ, ಜನರ ಮಾತು ಸಾಮಾನ್ಯವಾಗಿ ನಿಜವಾಗುತ್ತದೆ ಎಂಬ ಅನುಭವವೇ ಆಧಾರ ಎಂದ. ಅದೇ ನಾಡಿನ ಥಾಮಸ್ ರೀಡ್ 1764ರಲ್ಲಿ ಇದನ್ನು ಒಪ್ಪಲಿಲ್ಲ: ಎಲ್ಲರಿಗಿಂತ ಹೆಚ್ಚು ನಂಬುವವರು ಮಕ್ಕಳು, ಅವರಿಗೆ ಅನುಭವ ಎಲ್ಲಿಂದ ಬರಬೇಕು? ನಂಬುವುದು ಹುಟ್ಟುಗುಣ ಎಂಬುದು ಅವನ ವಾದ.

ನಮ್ಮಲ್ಲಿ ಈ ಚರ್ಚೆ ಇನ್ನೂ ಹಳೆಯದು. ವೈಶೇಷಿಕ ದರ್ಶನದವರೂ ಬೌದ್ಧರೂ ಬೇರೆಯವರ ಮಾತಿನಿಂದ ಬಂದ ಜ್ಞಾನವನ್ನು ತರ್ಕದ ಲೆಕ್ಕಕ್ಕೇ ಸೇರಿಸಿದರು. ನ್ಯಾಯ ದರ್ಶನದ ನೈಯಾಯಿಕರಾದರೋ ಆಪ್ತನ ಮಾತು ಪ್ರತ್ಯೇಕ ಪ್ರಮಾಣ, ಅಂದರೆ ಜ್ಞಾನ ಪಡೆಯುವ ಬೇರೆಯದೇ ದಾರಿ, ಎಂದರು. ಆಪ್ತ ಎಂದರೆ ವಿಷಯ ಬಲ್ಲವನು, ಇದ್ದದ್ದನ್ನು ಇದ್ದ ಹಾಗೆ ಹೇಳಬಯಸುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎನ್ನುತ್ತಾನೆ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಮಾತಿದು. ಹೇಳುವವರ ಲಿಂಗ, ಜನಾಂಗ ನೋಡಿ ಅವರ ಮಾತಿನ ತೂಕ ಇಳಿಸುವುದೂ ಒಂದು ಅನ್ಯಾಯವೇ ಎಂದು ತತ್ತ್ವಜ್ಞಾನಿ ಮಿರಾಂಡಾ ಫ್ರಿಕರ್ 2007ರಲ್ಲಿ ವಾದಿಸಿದರು. ಇಂದಿನ ಸಂಶೋಧನೆಯಲ್ಲಿ ಸಾಕಷ್ಟು ಪಾಲು ಆ ಜಾಡಿನಲ್ಲಿ ಸಾಗಿದೆ.