ಹೈದರಾಬಾದ್‌ನಲ್ಲಿ ಅರ್ಧ ದಿನ ಸಿಕ್ರೆ?

ಪ್ರಶ್ನೆ: ಹೈದರಾಬಾದ್‌ಗೆ ಕಾನ್ಫರೆನ್ಸ್‌ಗೆ ಹೋಗ್ತಿದೀನಿ, ಕೊನೇ ದಿನ ಮಧ್ಯಾಹ್ನ ಗೈಡೆಡ್ ಟೂರ್ ಇದೆ, ಐದು ಜಾಗ ತೋರಿಸ್ತಾರಂತೆ. ಹೋಗ್ಲಾ?

ಉತ್ತರ: ಖಂಡಿತ ಹೋಗಿ, ಆದ್ರೆ ಐದು ಜಾಸ್ತಿ ಆಯ್ತು, ಬಸ್ಸಲ್ಲೇ ಸಂಜೆ ಆಗೋಗುತ್ತೆ, ಎರಡೇ ಸಾಕು ಅಂತ ಆಯೋಜಕರಿಗೆ ಹೇಳಿ ನೋಡಿ. ಗೋಲ್ಕೊಂಡ ಕೋಟೆ ಮಾತ್ರ ಬಿಡ್ಬೇಡಿ. ಕೆಳಗೆ ಬಾಗಿಲ ಹತ್ರ ಗುಮ್ಮಟದಡಿ ನಿಂತು ಗೈಡ್ ಒಂದು ಚಪ್ಪಾಳೆ ತಟ್ತಾರೆ, ಅದು ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ದೂರ, ಬೆಟ್ಟದ ತುದೀಲಿರೋ ಬಾಲಾ ಹಿಸ್ಸಾರ್ ಅನ್ನೋ ಮಂಟಪದಲ್ಲಿ ಕೇಳ್ಸುತ್ತೆ, ಯಾರಾದ್ರೂ ಬಂದ್ರೆ ಮೇಲಿನವ್ರಿಗೆ ಗೊತ್ತಾಗ್ಲಿ ಅಂತ ಆಗಿನ ಕಾಲದಲ್ಲೇ ಮಾಡಿದ ವ್ಯವಸ್ಥೆ, ನೆನೆಸ್ಕೊಂಡ್ರೆ ನಂಗೆ ಈಗ್ಲೂ ಮೈ ಜುಮ್ಮನ್ನುತ್ತೆ. ಮೆಟ್ಲು ತುಂಬಾ ಇದೆ, ಮೀಟಿಂಗ್ ಶೂ ಬೇಡ. ಆಮೇಲೆ 1591ರ ಚಾರ್‌ಮಿನಾರ್. ಸಾಲಾರ್ ಜಂಗ್ ಮ್ಯೂಸಿಯಂ ಪ್ಲಾನಲ್ಲಿದ್ರೆ ವಾರ ನೋಡ್ಕೊಳಿ, ಶುಕ್ರವಾರ ರಜಾ.