ತತ್ವಶಾಸ್ತ್ರವನ್ನು ಯಾವ ಕ್ರಮದಲ್ಲಿ ಓದಬೇಕು?

ದೇವರಿದ್ದಾನಾ, ನಮ್ಮ ಇಚ್ಛೆ ನಿಜಕ್ಕೂ ನಮ್ಮದಾ ಅಂತೆಲ್ಲ ತಲೆ ಕೊರೆಯುತ್ತದೆ, ಗ್ರೀಕರಿಂದ ಹಿಡಿದು ಯಾರನ್ನು ಮೊದಲು ಓದಲಿ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇಂಥದ್ದೇ ಪಟ್ಟಿ ಹುಡುಕುತ್ತಿದ್ದೆ. ಸಿಕ್ಕಿತು, ಅದೇ ಎಡವಟ್ಟಾಯಿತು.

ಪಟ್ಟಿಯಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಜರ್ಮನ್ ತತ್ವಜ್ಞಾನಿ ಕಾಂಟ್. ಉಳಿದವರನ್ನು ಆಮೇಲೆ ನೋಡೋಣ ಅಂತ ಅವನ 1781ರ ದಪ್ಪ ಪುಸ್ತಕ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್'ಗೇ ಕೈಹಾಕಿದೆ. ದಿನಾ ರಾತ್ರಿ ನಾಲ್ಕು ಪುಟ. ಅರ್ಥವಾಗದ ಪದಕ್ಕೆಲ್ಲ ಕೆಂಪು ಗೆರೆ, ಪಕ್ಕದಲ್ಲಿ ಅದರ ಅರ್ಥ. ಎಂಟು ತಿಂಗಳಲ್ಲಿ ಎರಡು ನೋಟ್‌ಬುಕ್ ತುಂಬಿದವು. ಒಂದು ದಿನ ತಂಗಿ ಅವನ್ನು ತಿರುವಿ ಹಾಕಿ, "ಅಕ್ಕಾ, ಇಷ್ಟೆಲ್ಲ ಬರೆಯೋಕೆ ಇವನಿಗೆ ಆಗಿದ್ದಾದರೂ ಏನು?" ಅಂದಳು. ನನಗೆ ಗೊತ್ತಿರಲಿಲ್ಲ!

ಕಷ್ಟದ ಪುಸ್ತಕ ಹಿಡಿದದ್ದು ತಪ್ಪಲ್ಲ. ಲೆಕ್ಕ ನೋಡದೆ ಪುಸ್ತಕದ ಹಿಂದಿನ ಉತ್ತರ ಬಾಯಿಪಾಠ ಮಾಡಿದ್ದೆ, ಅದು ತಪ್ಪು. ಕಾಂಟ್‌ನ ತಲೆ ಕೆಡಿಸಿದ್ದು ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್. ಒಂದು ಚೆಂಡು ಇನ್ನೊಂದಕ್ಕೆ ಬಡಿಯುತ್ತದೆ, ಎರಡನೆಯದು ಓಡುತ್ತದೆ. ಮೊದಲು ಇದು, ಆಮೇಲೆ ಅದು, ಇಷ್ಟನ್ನೇ ಅಲ್ವಾ ನಾವು ನೋಡಿದ್ದು? ಇದರಿಂದಲೇ ಅದು ಆಯಿತು ಅನ್ನುವುದು ಎಲ್ಲಿ ಕಾಣಿಸಿತು? ಇದು ಹ್ಯೂಮ್‌ನ ಪ್ರಶ್ನೆ. ತನ್ನನ್ನು ನಿದ್ದೆಯಿಂದ ಎಬ್ಬಿಸಿದ್ದು ಅವನೇ ಅಂತ ಕಾಂಟ್ 1783ರಲ್ಲಿ ತಾನೇ ಬರೆದಿದ್ದಾನೆ. ನನಗೋ ಆ ಚೆಂಡು ಗೊತ್ತಿಲ್ಲ. ಯಾವ ಗಾಯಕ್ಕೆ ಅಂತ ತಿಳಿಯದೆ ಎಂಟು ತಿಂಗಳು ಮುಲಾಮಿನ ಹೆಸರು ಬರೆದುಕೊಂಡೆ.

ಅದಕ್ಕೇ ಹೇಳುತ್ತೇನೆ, ಕ್ರಮದ ಚಿಂತೆ ಬಿಡಿ. ದೇವರನ್ನೂ ಸದ್ಯಕ್ಕೆ ಪಕ್ಕಕ್ಕಿಡಿ, ಎಲ್ಲೂ ಹೋಗಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಪ್ರಶ್ನೆ ತಗೊಳ್ಳಿ. ಗೋಡೆ ಗಡಿಯಾರ ನಿನ್ನೆ 3:10ಕ್ಕೆ ನಿಂತುಹೋಗಿದೆ, ನಿಮಗೆ ತಿಳಿಯದು. ಇವತ್ತು ನೀವು ತಲೆ ಎತ್ತಿ ನೋಡಿದಾಗ ನಿಜವಾದ ಸಮಯವೂ ಸರಿಯಾಗಿ 3:10. ಗಂಟೆ ಎಷ್ಟು ಅಂತ ನಿಮಗೆ ಗೊತ್ತಿತ್ತಾ? ನೀವು ನಂಬಿದ ಸಮಯ ಸರಿಯಾಗೇ ಇತ್ತು, ನಂಬಲು ಕಾರಣವೂ ಇತ್ತು. ಆದರೂ ಏನೋ ಚುಚ್ಚುತ್ತದೆ. ಈ ಜಾತಿಯ ಎರಡು ಉದಾಹರಣೆ ಇಟ್ಟುಕೊಂಡು 1963ರಲ್ಲಿ ಅಮೆರಿಕದ ತತ್ವಜ್ಞಾನಿ ಎಡ್ಮಂಡ್ ಗೆಟ್ಟಿಯರ್ ಮೂರೇ ಪುಟ ಬರೆದ. 'ಗೊತ್ತಿರುವುದು' ಅಂದರೇನು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಮೊದಲು ನಿಮ್ಮ ಉತ್ತರ ಬರೆಯಿರಿ. ನಾಳೆ ಅದರ ಮೇಲೆ ನೀವೇ ಜಗಳಕ್ಕೆ ಬೀಳಿ. ಸೋತ ಮೇಲೆ ಗೆಟ್ಟಿಯರ್‌ನನ್ನು ಓದಿ, ಸುಮ್ನೆ ಮೊದಲೇ ಬೇಡ. ಗಡಿಯಾರದ ಕತೆ ತಂಗಿಗೂ ಹೇಳಿದ್ದೆ. "ಗೊತ್ತಿತ್ತು, ಅಷ್ಟೇ" ಅಂತ ಅವಳು ಇವತ್ತಿಗೂ ಹಟ ಬಿಟ್ಟಿಲ್ಲ.